ಎರಡು ಗಂಟೆ ಚೆನ್ನಾಗಿ ನುಡಿಸಿ, ಅರೆ ಸೆಕೆಂಡಿಗಾಗಿ ನಿದ್ದೆ ಕೆಡಿಸಿಕೊಳ್ಳುವವರು ಇಲ್ಲಿ ಯಾರಾದರೂ ಇದ್ದೀರಾ?

ಮೂರನೇ ತಂತಿ

ಮೊದಲೇ ಹೇಳಿಬಿಡುತ್ತೇನೆ, ಇದು ಜಂಬ ಕೊಚ್ಚಿಕೊಳ್ಳುವ ಪೋಸ್ಟ್ ಅಲ್ಲ. ನಾನು ಪಿಟೀಲು ನುಡಿಸುತ್ತೇನೆ. ಒಂಬತ್ತನೇ ವಯಸ್ಸಿಗೆ ವೇದಿಕೆ ಹತ್ತಿದ್ದು, ಈಗ ನಲವತ್ತೊಂದು. ಹೊಟ್ಟೆಪಾಡೂ ಇದೇ.

ಹೋದ ತಿಂಗಳು ಒಂದು ಕಛೇರಿ ಇತ್ತು. ಎರಡು ಗಂಟೆ ಹತ್ತು ನಿಮಿಷ. ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆದರೆ ಕೊನೆಯ ಭಾಗದಲ್ಲಿ ಒಂದು ಕಡೆ, ತಾರಸ್ಥಾಯಿಯಲ್ಲಿ, ನನ್ನ ಮೂರನೇ ಬೆರಳು ಕೂದಲೆಳೆಯಷ್ಟು ಕೆಳಗೆ ಬಿತ್ತು, ಸ್ವರ ತಪ್ಪಿತು. ಅರೆ ಸೆಕೆಂಡು ಇರಬಹುದು. ಜಾರಿಸಿ ಸರಿ ಮಾಡಿಕೊಂಡೆ. ಚಪ್ಪಾಳೆ ಬೀಳುತ್ತಿದ್ದಾಗ ನನ್ನ ಕಿವಿಯಲ್ಲಿ ಇದ್ದದ್ದು ಆ ಅರೆ ಸೆಕೆಂಡು ಮಾತ್ರ.

ಮನೆಗೆ ಬಂದಾಗ ಹನ್ನೊಂದೂವರೆ. ಮೊಬೈಲಿನಲ್ಲಿ ರೆಕಾರ್ಡ್ ಆಗಿತ್ತು. ಆ ಜಾಗ ಮಾತ್ರ ಹಾಕಿಕೊಂಡು ಕೇಳಿದೆ. ಮತ್ತೆ ಕೇಳಿದೆ. ಎರಡೂವರೆಗೆ ಹೆಂಡತಿ ಎದ್ದು ಬಂದು ಬಾಗಿಲಲ್ಲಿ ನಿಂತಳು. "ನನಗೂ ಬಾಯಿಪಾಠ ಆಯ್ತು ಕಣ್ರೀ" ಅಂದಳು. ನಗಬೇಕಿತ್ತು. ರೇಗಿದೆ.

ಇದು ಹಳೇ ಕಾಯಿಲೆ, ಇದಕ್ಕಾಗಿ ಬರೆಯುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಏಳು ವರ್ಷದ ಮಗಳು ಆಟ ಆಡುತ್ತಾ ಏನೋ ಹಾಡಿಕೊಳ್ಳುತ್ತಿದ್ದಳು. ಶ್ರುತಿ ಇಲ್ಲ, ತಾಳ ಇಲ್ಲ, ಪದಗಳೂ ಅವಳದೇ. ನಾನು ಒಳಗೆ ಬಂದೆ. ಹಾಡು ನಿಂತಿತು. ನಾನು ಏನೂ ಅಂದಿರಲಿಲ್ಲ. ಅವಳಿಗೆ ಯಾವತ್ತೂ ಏನೂ ಅಂದಿಲ್ಲ. ಸುಮ್ನೆ ನಿಲ್ಲಿಸಿದಳು, ಕರೆಂಟು ಹೋದ ಹಾಗೆ.

"ರಿಲ್ಯಾಕ್ಸ್ ಮಾಡಿ" ಅಂತ ದಯವಿಟ್ಟು ಬರೆಯಬೇಡಿ. ನನ್ನ ಪ್ರಶ್ನೆ ಒಂದೇ. ಈ ಗೀಳನ್ನು ಬಿಟ್ಟರೆ ನುಡಿಸಾಣಿಕೆಯೂ ಬಿಟ್ಟುಹೋಗುತ್ತದೆಯೇ?

ಒಂದೇ ಮಾತು

ಹೋಗುತ್ತದೆ. ನೇರವಾಗಿ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಅರೆ ಸೆಕೆಂಡು ನಿಮಗೆ ಕೇಳಿಸಿತಲ್ಲ, ಅದೇ ನಿಮ್ಮ ಅನ್ನ. ನಾನು ಕಲಿಯುವಾಗ ನಮ್ಮ ಜೊತೆ ನಲವತ್ತು ಜನ ಇದ್ದರು. ಅವರ್ಯಾರಿಗೂ ಅದು ಕೇಳಿಸುತ್ತಿರಲಿಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು. ಈಗ ಒಬ್ಬರೂ ನುಡಿಸುತ್ತಿಲ್ಲ.

ಸೆಲ್ಲೋ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ನುಡಿಸುತ್ತಿದ್ದ ಪಾಬ್ಲೋ ಕಸಾಲ್ಸ್ ಹದಿಮೂರನೇ ವಯಸ್ಸಿನಲ್ಲಿ ಸಂಗೀತಗಾರ ಬಾಖ್ ಸೆಲ್ಲೋಗೆಂದು ಬರೆದ ಕೃತಿಗಳ ಪುಸ್ತಕ ಕೊಂಡುಕೊಂಡರು. ಅದರಲ್ಲಿ ಒಂದನ್ನು ಜನರ ಮುಂದೆ ನುಡಿಸುವ ಮೊದಲು ಹನ್ನೆರಡು ವರ್ಷ ಅಭ್ಯಾಸ ಮಾಡಿದರು. ಹನ್ನೆರಡು ವರ್ಷ! ಇವತ್ತು ನಾವು ಆ ಸಂಗೀತವನ್ನು ಕೇಳುತ್ತಿದ್ದರೆ ಅದಕ್ಕೆ ಆ ಹಟವೇ ಕಾರಣ. ಪಿಯಾನೋ ವಾದಕ ಗ್ಲೆನ್ ಗೌಲ್ಡ್ 1964ರಲ್ಲಿ, ಮೂವತ್ತೊಂದನೇ ವಯಸ್ಸಿಗೆ, ಕಛೇರಿಗಳನ್ನೇ ಬಿಟ್ಟು ಸ್ಟುಡಿಯೋ ಸೇರಿಕೊಂಡರು. ಹತ್ತು ಸಲ ನುಡಿಸಿ ಒಳ್ಳೆಯದನ್ನಷ್ಟೇ ಜೋಡಿಸಿ ಕೊಟ್ಟರು. ತಪ್ಪೇನು? ಮಗು ಹಾಡು ನಿಲ್ಲಿಸಿದ್ದಕ್ಕೆ ಸಾವಿರ ಕಾರಣ ಇರಬಹುದು. ಅದನ್ನೆಲ್ಲ ತಲೆಗೆ ಹಚ್ಚಿಕೊಂಡು ಕೈ ಕೆಡಿಸಿಕೊಳ್ಳಬೇಡಿ.

ಮನೆಯವಳು

ನಾನು ನುಡಿಸುವವಳಲ್ಲ, ನುಡಿಸುವವರ ಹೆಂಡತಿ. ನಮ್ಮೆಜಮಾನರದು ಕೊಳಲು. ನಿಮ್ಮ ಹೆಂಡತಿಯ ಪರವಾಗಿ ನಾಲ್ಕು ಮಾತು ಬರೆಯಲಾ?

ಕಛೇರಿ ಮುಗಿದ ಮೇಲೆ ಒಳಗೆ ಹೋಗುತ್ತೇನೆ. "ಚೆನ್ನಾಗಿತ್ತು" ಅಂದರೆ "ನಿನಗೇನು ಗೊತ್ತಾಗುತ್ತೆ" ಅಂತಾರೆ. ಸುಮ್ಮನಿದ್ದರೆ "ಅಷ್ಟು ಕೆಟ್ಟದಾಗಿತ್ತಾ" ಅಂತಾರೆ. "ಆ ಎರಡನೇದು ತುಂಬಾ ಹಿಡಿಸಿತು" ಅಂದರೆ ಮುಗಿಯಿತು, ಅದರಲ್ಲಿ ಎಲ್ಲೆಲ್ಲಿ ಉಸಿರು ತಪ್ಪಿತು ಅಂತ ಪಟ್ಟಿ ಕೊಡುತ್ತಾರೆ. ನನಗೆ ಹಿಡಿಸಿದ್ದು ಅಲ್ಲೇ ಸತ್ತಿತು. ಆರು ವರ್ಷದಿಂದ ನಾನು ಒಳಗೆ ಹೋಗುವುದನ್ನು ಬಿಟ್ಟಿದ್ದೇನೆ. ಎರಡು ವರ್ಷದಿಂದ ಕಛೇರಿಗೂ ಹೋಗುವುದಿಲ್ಲ. ಏನೋ ಒಂದು ನೆಪ ಹೇಳುತ್ತೇನೆ. ಅವರಿಗೂ ಅದು ನೆಪ ಅಂತ ಗೊತ್ತು.

ಅವರು ನನ್ನ ಮೇಲೆ ಕೈ ಎತ್ತಿದವರಲ್ಲ, ಕುಡಿಯುವವರಲ್ಲ. ಹೊರಗಿನವರಿಗೆ ಹೇಳಿದರೆ "ಇದೂ ಒಂದು ಕಷ್ಟವಾ" ಅಂತ ನಗುತ್ತಾರೆ. ಆದರೆ ಒಬ್ಬರ ಕಲೆ ನೋಡಿ ಮದುವೆಯಾಗಿ, ಅದೇ ಕಲೆಯ ಬಗ್ಗೆ ಮನೆಯಲ್ಲಿ ಬಾಯಿ ತೆರೆಯೋ ಹಾಗಿಲ್ಲ ಅಂದರೆ ಹೇಗಿರುತ್ತೆ ಅಂತ ನಿಮಗೆ ಗೊತ್ತಾಗಲಿ ಅಂತ ಬರೆದೆ.

ಹೊಸಬ

ಕೈ ನಡುಗದ ಹಾಗೆ ಒಂದು ಮಾತ್ರೆ ಇದೆಯಂತಲ್ಲ, ಬಹಳ ಜನ ಕಲಾವಿದರು ತಗೋತಾರಂತೆ? ಅದು ಇದಕ್ಕೆ ಆಗಲ್ವಾ?

ಮಣಿಕಟ್ಟು

ನಾನು ಫಿಸಿಯೋಥೆರಪಿಸ್ಟ್. ವಾದ್ಯಗಾರರೇ ಹೆಚ್ಚು ಬರುತ್ತಾರೆ, ಹಾಗಾಗಿ ಈ ಮಾತು ದಿನವೂ ಕಿವಿಗೆ ಬೀಳುತ್ತದೆ.

ಹೊಸಬರೇ, ನೀವು ಕೇಳುತ್ತಿರುವುದು ಪ್ರೊಪ್ರನಲಾಲ್ ಇರಬೇಕು. ಮೂಲತಃ ಹೃದಯದ ತೊಂದರೆಗೆ ಬಂದ ಔಷಧ. ಅಡ್ರಿನಲಿನ್ನಿನ ಕೆಲಸಕ್ಕೆ ತಡೆ ಹಾಕುತ್ತದೆ. ಎದೆ ಬಡಿತ, ಕೈ ನಡುಕ ಇಳಿಯುತ್ತದೆ. 1987ರಲ್ಲಿ ಅಮೆರಿಕದ ಆರ್ಕೆಸ್ಟ್ರಾ ವಾದಕರ ದೊಡ್ಡ ಸಮೀಕ್ಷೆ ಒಂದಾಯಿತು. ಆಗಲೇ ನೂರಕ್ಕೆ 27 ಜನ ಈ ಜಾತಿಯ ಮಾತ್ರೆ ತೆಗೆದುಕೊಂಡಿದ್ದೇವೆ ಎಂದು ಒಪ್ಪಿಕೊಂಡಿದ್ದರು. ಆದರೆ ಅಸ್ತಮಾ ಇದ್ದವರಿಗೆ ಇದು ಅಪಾಯ. ನಾಡಿ ಮೊದಲೇ ನಿಧಾನ ಇದ್ದವರಿಗೂ ಆಗದು. ಸ್ನೇಹಿತರ ಪೆಟ್ಟಿಗೆಯಿಂದ ತೆಗೆದುಕೊಂಡು ನುಂಗುವ ವಸ್ತು ಅಲ್ಲ, ಡಾಕ್ಟರನ್ನು ಕೇಳಲೇಬೇಕು. ಅದೂ ಅಲ್ಲದೆ ಇದು ವೇದಿಕೆಗೆ ಮುಂಚಿನ ನಡುಕಕ್ಕೆ. ನಮ್ಮ ಗೆಳೆಯರಿಗೆ ಇರುವುದು ವೇದಿಕೆಯ ನಂತರದ ಸಂಕಟ. ರಾತ್ರಿ ಎರಡೂವರೆಗೆ ಮೊಬೈಲ್ ಕಸಿದುಕೊಳ್ಳುವ ಮಾತ್ರೆ ಇನ್ನೂ ಬಂದಿಲ್ಲ.

ಮೂರನೇ ತಂತಿಯವರೇ, ನನಗೆ ಬೇರೆ ಒಂದು ವಿಷಯ ತಿಳಿಯಬೇಕು. ಆ ಕಛೇರಿಯ ನಂತರ ಆ ಒಂದು ಜಾಗವನ್ನು ದಿನಕ್ಕೆ ಎಷ್ಟು ಸಲ ನುಡಿಸುತ್ತಿದ್ದೀರಿ?

ಮೂರನೇ ತಂತಿ

ಇನ್ನೂರು. ಕೆಲವು ದಿನ ಜಾಸ್ತಿ.

ಮಣಿಕಟ್ಟು

ಅಂದುಕೊಂಡೆ.

ಲಿಯಾನ್ ಫ್ಲೈಶರ್ ಅಂತ ಒಬ್ಬ ಪಿಯಾನೋ ವಾದಕರಿದ್ದರು, 2020ರಲ್ಲಿ ತೀರಿಕೊಂಡರು. ಮೂವತ್ತಾರನೇ ವಯಸ್ಸಿನ ಹೊತ್ತಿಗೆ, ಹೆಸರು ತುದಿಯಲ್ಲಿದ್ದಾಗ, ಬಲಗೈಯ ಉಂಗುರದ ಬೆರಳು, ಕಿರುಬೆರಳು ತಾವಾಗಿ ಒಳಕ್ಕೆ ಮಡಚಿಕೊಳ್ಳತೊಡಗಿದವು. ಅವರು ಏನು ಮಾಡಿದರು ಗೊತ್ತಾ? ಅಭ್ಯಾಸ ಹೆಚ್ಚು ಮಾಡಿದರು. ಕೈ ಪೂರ್ತಿ ಹೋಯಿತು. ಇದನ್ನು ಫೋಕಲ್ ಡಿಸ್ಟೋನಿಯಾ ಅನ್ನುತ್ತಾರೆ. ಸ್ನಾಯುವಿನ ಗಾಯ ಅಲ್ಲ, ನೋವೂ ಇರುವುದಿಲ್ಲ. ಒಂದೇ ಸಣ್ಣ ಚಲನೆಯನ್ನು ಲಕ್ಷಾಂತರ ಸಲ ಮಾಡಿ ಮಾಡಿ, ಬೆರಳುಗಳಿಗೆ ಮಿದುಳಿನಲ್ಲಿ ಇರುವ ಬೇರೆ ಬೇರೆ ನಕ್ಷೆಗಳು ಒಂದರ ಮೇಲೊಂದು ಕಲಸಿಹೋಗುತ್ತವೆ. ಒಂದು ಬೆರಳಿಗೆ ಹೇಳಿದರೆ ಪಕ್ಕದ್ದೂ ಎದ್ದು ಬರುತ್ತದೆ. ವೃತ್ತಿಪರ ವಾದಕರಲ್ಲಿ ನೂರಕ್ಕೆ ಒಬ್ಬರಿಗೆ ಬರಬಹುದು ಎಂಬ ಅಂದಾಜಿದೆ. ಆತಂಕ ಜಾಸ್ತಿ ಇರುವವರಲ್ಲಿ, ಎಲ್ಲ ಸರಿಯಾಗೇ ಆಗಬೇಕು ಎನ್ನುವವರಲ್ಲಿ ಇದು ಹೆಚ್ಚು ಎಂದು ಅಧ್ಯಯನಗಳಲ್ಲಿ ಕಂಡುಬಂದಿದೆ.

ಫ್ಲೈಶರ್ ಮೂವತ್ತು ವರ್ಷ ಎಡಗೈಗೆಂದೇ ಬರೆದ ಸಂಗೀತ ನುಡಿಸಿದರು, ಪಾಠ ಹೇಳಿದರು, ಆರ್ಕೆಸ್ಟ್ರಾ ನಡೆಸಿದರು. 1990ರ ದಶಕದಲ್ಲಿ ಸ್ನಾಯು ಸಡಿಲಿಸುವ ಬೋಟಾಕ್ಸ್ ಚುಚ್ಚುಮದ್ದು ಬಂದ ಮೇಲೆ ಎರಡು ಕೈಯಲ್ಲಿ ನುಡಿಸುವಂತಾದರು. ಕೊನೆವರೆಗೂ ಶಿಷ್ಯರಿಗೆ ಅತಿಯಾಗಿ ಅಭ್ಯಾಸ ಮಾಡಬೇಡಿ ಎಂದೇ ಹೇಳುತ್ತಿದ್ದರು.

ನಿಮ್ಮನ್ನು ಹೆದರಿಸುತ್ತಿಲ್ಲ. ಆದರೆ ಆ ಜಾಗವನ್ನು ಎರಡು ವಾರ ಮುಟ್ಟಬೇಡಿ. ಬೆರಳು ಮಡಚಿಕೊಳ್ಳುವುದು, ಅಂಟಿಕೊಂಡ ಹಾಗಾಗುವುದು ಕಂಡರೆ ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ.

ಪಕ್ಕವಾದ್ಯ

ನನಗೆ ಅರವತ್ತೆಂಟು. ಟೈಪ್ ಮಾಡುವುದು ನಿಧಾನ, ಬರೆದದ್ದು ಉದ್ದ ಆದರೆ ಸಹಿಸಿಕೊಳ್ಳಿ.

ಒಂದೇ ಮಾತಿನವರು ಕಸಾಲ್ಸ್ ಕಥೆ ಅರ್ಧ ಹೇಳಿದರು. ಇನ್ನರ್ಧ ನಾನು ಹೇಳುತ್ತೇನೆ. 1901ರಲ್ಲಿ ಅವರು ಬೆಟ್ಟ ಹತ್ತಲು ಹೋಗಿದ್ದರು. ಮೇಲಿಂದ ಬಂಡೆ ಉರುಳಿ ಎಡಗೈಯ ಬೆರಳುಗಳ ಮೇಲೆ ಬಿತ್ತು. ಸೆಲ್ಲೋದಲ್ಲಿ ತಂತಿ ಒತ್ತುವ ಕೈ ಅದು. ಆಗ ಮೊದಲು ಬಂದ ಯೋಚನೆ ಏನು ಅಂತ ಅವರೇ ಹೇಳಿಕೊಂಡಿದ್ದಾರೆ. ದೇವರ ದಯೆ, ಇನ್ನು ಮುಂದೆ ನುಡಿಸಬೇಕಾಗಿಲ್ಲ! ಇಪ್ಪತ್ತನಾಲ್ಕು ವರ್ಷದ ಹುಡುಗ, ಲೋಕವೆಲ್ಲ ಹೊಗಳುತ್ತಿದ್ದ ಹುಡುಗ, ಕೈ ಜಜ್ಜಿಹೋದಾಗ ಪಟ್ಟದ್ದು ನೆಮ್ಮದಿ. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ ಸ್ವಾಮಿ.

ಈಗ ನನ್ನ ಕಥೆ. ನಾನು ಹದಿನಾಲ್ಕು ವರ್ಷ ಒಬ್ಬರೇ ಕಲಾವಿದರ ಜೊತೆ ತಾಳವಾದ್ಯ ನುಡಿಸಿದೆ. ಹೆಸರು ಬೇಡ, ಅವರು ಈಗಿಲ್ಲ. ಅಂಥ ಕೈ ನಾನು ಮತ್ತೆ ನೋಡಿಲ್ಲ. ನನ್ನ ತಪ್ಪಿಗೆ ಒಂದು ದಿನವೂ ಬೈದವರಲ್ಲ. ತಪ್ಪು ನನ್ನದೇ ಆಗಿದ್ದರೂ "ನಾನೇ ಎತ್ತಿಕೊಟ್ಟಿದ್ದು ಸರಿ ಇರಲಿಲ್ಲ" ಅನ್ನುತ್ತಿದ್ದರು. ಕೇಳಿದರೆ ದೊಡ್ಡ ಗುಣ ಅನ್ನಿಸುತ್ತದೆ, ಅಲ್ವಾ? ನನಗೂ ಮೊದಲ ನಾಲ್ಕೈದು ವರ್ಷ ಹಾಗೇ ಅನ್ನಿಸಿತ್ತು.

ಒಂದು ರಾತ್ರಿ ಕಛೇರಿ ಮುಗಿಸಿ ಕಾರಿನಲ್ಲಿ ವಾಪಸು ಬರುತ್ತಿದ್ದೆವು. ನಾಲ್ಕು ಗಂಟೆಯ ದಾರಿ. ಅವತ್ತು ನಾನು ನನ್ನ ಜನ್ಮದಲ್ಲೇ ಚೆನ್ನಾಗಿ ನುಡಿಸಿದ್ದೆ. ಹೇಳಿಕೊಳ್ಳಬಾರದು, ಆದರೆ ಅದು ನಿಜ. ಕೈ ತಾನಾಗಿ ಹೋಗುತ್ತಿತ್ತು, ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದ ಹಾಗಿತ್ತು. ಅವರಿಗೆ ಮಾತ್ರ ಎಲ್ಲೋ ಒಂದು ಕಡೆ ಏನೋ ತಪ್ಪಿದೆ ಅನ್ನಿಸಿತ್ತು. ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು. ಡ್ರೈವರ್ ರೇಡಿಯೋ ಆರಿಸಿದ. ನಾಲ್ಕು ಗಂಟೆ ಯಾರೂ ಮಾತಾಡಲಿಲ್ಲ. ಅವರ ಸೂತಕದಲ್ಲಿ ನನ್ನ ಹಬ್ಬ ಹೇಗೆ ಮಾಡಲಿ? ಮನೆಗೆ ಬಂದು ಹೆಂಡತಿಗೂ ಹೇಳಲಿಲ್ಲ. ಹೇಳುವ ಹೊತ್ತಿಗೆ ನನಗೇ ಅದು ಅಷ್ಟೇನೂ ಚೆನ್ನಾಗಿರಲಿಲ್ಲ ಅನ್ನಿಸತೊಡಗಿತ್ತು.

ಬೈದಿದ್ದರೆ ಜಗಳ ಆಡಬಹುದಿತ್ತು. ತನ್ನನ್ನೇ ಬೈದುಕೊಳ್ಳುವವರ ಜೊತೆ ಜಗಳ ಆಡುವುದು ಹೇಗೆ? ಮುಂದಿನ ವರ್ಷ ಬೆನ್ನುನೋವು ಅಂತ ಹೇಳಿ ಬಿಟ್ಟೆ. ಕೊನೆಗಾಲದಲ್ಲಿ ನೋಡಲು ಹೋಗಿದ್ದೆ. "ನೀನ್ಯಾಕೆ ಬಿಟ್ಟೆ ಅಂತ ಗೊತ್ತಾಗಲೇ ಇಲ್ಲ ಕಣೋ" ಅಂದರು. ಬೆನ್ನುನೋವು ಅಂದೆ ಮತ್ತೆ.

ನೋಡಪ್ಪಾ, ನಿನ್ನ ಪ್ರಶ್ನೆ "ಬಿಟ್ಟರೆ ನುಡಿಸಾಣಿಕೆ ಹೋಗುತ್ತಾ" ಅಂತ. ಅದು ನನಗೆ ಗೊತ್ತಿಲ್ಲ. ಬಿಡದಿದ್ದರೆ ಯಾರ್ಯಾರು ಹೋಗುತ್ತಾರೆ ಅನ್ನುವುದು ಗೊತ್ತು.

ನಿಲ್ಲಿಸಿದವಳು

ಮೇಲಿನದನ್ನು ಓದಿ ಸ್ವಲ್ಪ ಹೊತ್ತು ಎದ್ದು ಓಡಾಡಿ ಬಂದೆ.

ನಾನು ಹಾಡುತ್ತಿದ್ದೆ. ಇಪ್ಪತ್ತಾರಕ್ಕೆ ನಿಲ್ಲಿಸಿದೆ. ಯಾರೂ ನಿಲ್ಲಿಸು ಅನ್ನಲಿಲ್ಲ. ಮೊದಲು ಒಂದು ಸಲ ಗಂಟಲು ಕಟ್ಟಿದೆ ಅಂತ ಕಾರ್ಯಕ್ರಮ ಬಿಟ್ಟೆ. ನಿಜಕ್ಕೂ ಕಟ್ಟಿತ್ತು. ಬಿಟ್ಟ ಸಂಜೆ ಎಷ್ಟು ಹಗುರ ಆಯಿತು ಅಂದರೆ, ಮುಂದಿನ ಸಲ ಗಂಟಲು ಅರ್ಧ ಕಟ್ಟಿದಾಗಲೇ ಬಿಟ್ಟೆ. ಆಮೇಲೆ ಕಟ್ಟಬಹುದು ಅನ್ನಿಸಿದಾಗಲೇ ಬಿಟ್ಟೆ. ಕರೆಯುವವರು ಎಷ್ಟು ಸಲ ಕರೆಯುತ್ತಾರೆ? ಅಮೆರಿಕದ ಗಾಯಕಿ ಬಾರ್ಬ್ರಾ ಸ್ಟ್ರೈಸಂಡ್ 1967ರಲ್ಲಿ ಒಂದು ದೊಡ್ಡ ಕಾರ್ಯಕ್ರಮದಲ್ಲಿ ಹಾಡಿನ ಸಾಲು ಮರೆತರು. ಆಮೇಲೆ ಸುಮಾರು 27 ವರ್ಷ ಟಿಕೆಟ್ ಕೊಂಡು ಬರುವ ಜನರ ಮುಂದೆ ಹೆಚ್ಚುಕಡಿಮೆ ಹಾಡಲೇ ಇಲ್ಲ. ಅವರಿಗೆ ಸಿನಿಮಾ ಇತ್ತು, ರೆಕಾರ್ಡುಗಳಿದ್ದವು. ನನಗೆ ಬ್ಯಾಂಕಿನ ಕೆಲಸ ಸಿಕ್ಕಿತು.

ಹನ್ನೊಂದು ವರ್ಷವಾಯಿತು. ನನ್ನ ಅಲಾರಂ ಕೂಡ ಬರೀ ಬೀಪ್ ಶಬ್ದ, ಟ್ಯೂನ್ ಇಟ್ಟಿಲ್ಲ.

ಆಪ್ತಸಲಹೆಗೆ ಹೋದಾಗ ಒಂದು ವಿಷಯ ತಿಳಿಯಿತು. ಪಾಲ್ ಹೆವಿಟ್, ಗಾರ್ಡನ್ ಫ್ಲೆಟ್ ಎಂಬ ಮನಶ್ಶಾಸ್ತ್ರಜ್ಞರು 1991ರಲ್ಲಿ ಈ ಗೀಳನ್ನು ಮೂರು ಬಗೆ ಮಾಡಿದ್ದಾರೆ. ನಾನು ಸರಿ ಇರಬೇಕು ಅನ್ನುವುದು, ಬೇರೆಯವರು ಸರಿ ಇರಬೇಕು ಅನ್ನುವುದು, ಮತ್ತೆ "ನಾನು ಸರಿ ಇದ್ದರೆ ಮಾತ್ರ ಲೋಕ ನನ್ನನ್ನು ಒಪ್ಪುತ್ತೆ" ಅಂದುಕೊಳ್ಳುವುದು. ನಾನು ಮೊದಲನೆಯದು ಅಂತ ಇಷ್ಟು ವರ್ಷ ಹೆಮ್ಮೆಪಟ್ಟಿದ್ದೆ. ನಿಜವಾಗಿ ಇದ್ದದ್ದು ಮೂರನೆಯದು. ಹೆಚ್ಚು ಸುಡುವುದೂ ಅದೇ. ಒಂಬತ್ತನೇ ವಯಸ್ಸಿಗೆ ವೇದಿಕೆ ಹತ್ತಿದವರಿಗೆ ಇದು ಬರದಿದ್ದರೇ ಆಶ್ಚರ್ಯ. ಚೆನ್ನಾಗಿ ಹಾಡಿದ ದಿನ ಎಲ್ಲರೂ ಎತ್ತಿ ಮುದ್ದಾಡುತ್ತಾರೆ. ಹಾಡದ ದಿನ ಏನೂ ಆಗುವುದಿಲ್ಲ, ಯಾರೂ ಹೊಡೆಯುವುದಿಲ್ಲ. ಆ ಏನೂ ಆಗದಿರುವುದು ಮಗುವಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಒಂದೇ ಮಾತು

ನಿಮ್ಮ ಬಗ್ಗೆ ಬೇಸರವಾಯಿತು. ಆದರೂ ಒಂದು ಮಾತು. ಎಲ್ಲರೂ ನೋವಿನ ಕಡೆಯನ್ನೇ ತೋರಿಸುತ್ತಿದ್ದೀರಿ. ಗೌಲ್ಡ್ ಸಂತೋಷವಾಗಿ ಇದ್ದರಲ್ಲ?

ಮಣಿಕಟ್ಟು

ಇದ್ದರಾ? ಅವರು ರಕ್ತದೊತ್ತಡವನ್ನು ದಿನಕ್ಕೆ ಹಲವು ಸಲ ತಾವೇ ನೋಡಿ ಬರೆದಿಡುತ್ತಿದ್ದರು. 1977ರ ಹೊತ್ತಿಗೆ ಕೈ ಹೇಳಿದ ಮಾತು ಕೇಳದಾದಾಗ ತಿಂಗಳುಗಟ್ಟಲೆ ಡೈರಿ ಇಟ್ಟರು. ಮಣಿಕಟ್ಟು ಹೇಗಿಟ್ಟರೆ ಸರಿ, ಭುಜ ಹೇಗೆ, ಇವತ್ತು ಹೀಗೆ, ನಾಳೆ ಹಾಗೆ. ಐವತ್ತು ತುಂಬಿದ ಕೆಲವೇ ದಿನಕ್ಕೆ, 1982ರ ಅಕ್ಟೋಬರ್‌ನಲ್ಲಿ, ಪಾರ್ಶ್ವವಾಯುವಿನಿಂದ ಹೋದರು. ಗೀಳಿನಿಂದಲೇ ಹೋದರು ಅಂತ ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ಆದರೆ ನೆಮ್ಮದಿಯ ಉದಾಹರಣೆಗೆ ಬೇರೆಯವರನ್ನು ಹುಡುಕಿ.

ಹಳೇ ಕೇಳುಗ

ಬೇರೆಯವರು ನನ್ನ ಹತ್ತಿರ ಇದ್ದಾರೆ. ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್. ಸ್ವರ ತಪ್ಪಿಸುವುದರಲ್ಲಿ ಹೆಸರುವಾಸಿ, ಎಂಬತ್ತೊಂಬತ್ತರ ತನಕ ವೇದಿಕೆ ಮೇಲೆ ಖುಷಿಯಾಗಿ ನುಡಿಸಿದರು. ಜನ ತಪ್ಪು ಎಣಿಸಲು ಹೋಗುತ್ತಿರಲಿಲ್ಲ. (ಒಂದೇ ಮಾತಿನವರು ಹೇಳುವ ಮೊದಲೇ ಹೇಳಿಬಿಡುತ್ತೇನೆ, ಅವರೂ ಮದುವೆಯಾದ ಮೇಲೆ ಪಟ್ಟಾಗಿ ಕೂತು ಮತ್ತೆ ಅಭ್ಯಾಸ ಮಾಡಿದ್ದುಂಟು. ಅಶ್ರದ್ಧೆಯ ಮನುಷ್ಯನೇನೂ ಅಲ್ಲ.)

ಆದರೆ ನಮ್ಮದೂ ತಪ್ಪಿದೆ, ಕೇಳುವವರದು. ಇನ್ನೊಬ್ಬ ಪಿಯಾನೋ ವಾದಕ ಹೊರೊವಿಟ್ಜ್ 1953ರಲ್ಲಿ ವೇದಿಕೆ ಬಿಟ್ಟರು. ಹನ್ನೆರಡು ವರ್ಷದ ನಂತರ, 1965ರಲ್ಲಿ, ಮತ್ತೆ ಹತ್ತಿದರು. ಶುರುವಿನಲ್ಲೇ ಸ್ವರ ತಪ್ಪಿತು. ಆಮೇಲೂ ಅಲ್ಲಲ್ಲಿ ತಪ್ಪಿತು. ಸಭೆಯಲ್ಲಿದ್ದವರು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ, ಹುಚ್ಚೆದ್ದು ಚಪ್ಪಾಳೆ ಹೊಡೆದರು. ಆದರೆ ರೆಕಾರ್ಡ್ ಬಂದಾಗ ಕೆಲವು ತಪ್ಪುಗಳನ್ನು ತಿದ್ದಿದ್ದರು. ತಿದ್ದದ ರೂಪ ಸಿಕ್ಕಿದ್ದು 2003ರಲ್ಲಿ. ಅಂದರೆ ಮೂವತ್ತೆಂಟು ವರ್ಷ ಜನ ಆ ರೆಕಾರ್ಡ್ ಹಾಕಿಕೊಂಡು, ಆ ಮನುಷ್ಯ ಅವತ್ತು ಅಷ್ಟು ಚೊಕ್ಕವಾಗಿ ನುಡಿಸಿದ ಅಂದುಕೊಂಡರು. ಎಷ್ಟು ಹುಡುಗರು ಅದನ್ನು ಕೇಳಿ "ನನ್ನ ಕೈಲಿ ಇದು ಆಗಲ್ಲ" ಅಂತ ಕೂತಿರಬಹುದು? ಅವರ ಕೈಲೂ ಆಗಿರಲಿಲ್ಲ!

ನನಗೆ ಎರಡೂ ಇಷ್ಟ. ತಪ್ಪಿರುವುದನ್ನು ಸ್ವಲ್ಪ ಜಾಸ್ತಿ ಕೇಳುತ್ತೇನೆ.

ಮೂರನೇ ತಂತಿ

ಇಷ್ಟು ದಿನ ಉತ್ತರ ಬರೆಯದ್ದಕ್ಕೆ ಕ್ಷಮಿಸಿ. ಎಲ್ಲರದ್ದೂ ಓದಿದೆ. ಪಕ್ಕವಾದ್ಯದ ಹಿರಿಯರು ಬರೆದದ್ದನ್ನು ಮೂರು ಸಲ ಓದಿದೆ. ನನ್ನ ಜೊತೆ ಏಳು ವರ್ಷ ನುಡಿಸಿದವರೊಬ್ಬರು ಹೋದ ವರ್ಷ "ಓಡಾಟ ಆಗ್ತಿಲ್ಲ" ಅಂತ ಬಿಟ್ಟರು. ಈಗ ಬೇರೆಯವರ ಜೊತೆ ಊರೂರು ಓಡಾಡುತ್ತಿದ್ದಾರೆ. ನಾನು ಅವರನ್ನು ಕೃತಘ್ನ ಅಂದುಕೊಂಡಿದ್ದೆ. ಇನ್ನೂ ಫೋನ್ ಮಾಡಿಲ್ಲ, ಏನಂತ ಮಾಡಲಿ.

ಮಣಿಕಟ್ಟು ಮೇಡಂ, ಆ ಜಾಗ ಮುಟ್ಟಿಲ್ಲ. ಹನ್ನೆರಡು ದಿನ ಆಯಿತು. ಕುಡುಕನ ಕೈಯಿಂದ ಬಾಟಲಿ ಕಿತ್ತುಕೊಂಡ ಹಾಗಿದೆ.

ಹೋದ ವಾರ ಇನ್ನೊಂದು ಕಛೇರಿ ಇತ್ತು. ಬೇಕಂತಲೇ ರೆಕಾರ್ಡ್ ಮಾಡಲಿಲ್ಲ. ದೊಡ್ಡ ಸಾಧನೆ ಅಂದುಕೊಂಡು ಮನೆಗೆ ಬಂದರೆ, ಬೆಳಗಿನ ಜಾವ ನಾಲ್ಕಕ್ಕೂ ನಿದ್ದೆ ಇಲ್ಲ. ರೆಕಾರ್ಡ್ ಇಲ್ಲದಿದ್ದರೆ ತಲೆಯಲ್ಲಿ ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ. ಇದನ್ನು ಯಾರೂ ಮೊದಲೇ ಹೇಳಲಿಲ್ಲ!

ಇನ್ನೊಂದು ಮಾಡಿದೆ. ಮೊನ್ನೆ ರಾತ್ರಿ, ಆ ಹಳೇ ಕಛೇರಿಯನ್ನು ಹೆಂಡತಿಗೆ ಹಾಕಿಕೊಟ್ಟೆ. "ತಪ್ಪು ಎಲ್ಲಿದೆ ಹೇಳು" ಅಂದೆ. ಇನ್ನೂರು ಸಲ ಬಾಯಿಪಾಠ ಆಗಿದ್ದವಳಿಗೂ, ಪೂರ್ತಿ ಹಾಕಿದಾಗ ಆ ಜಾಗ ಎಲ್ಲಿ ಬಂದು ಎಲ್ಲಿ ಹೋಯಿತು ಅಂತ ತಿಳಿಯಲಿಲ್ಲ. ಅದನ್ನು ಬಿಟ್ಟು "ಅದಕ್ಕಿಂತ ಮುಂಚೆ ಒಂದು ಕಡೆ ತುಂಬಾ ಮೆಲ್ಲಗೆ ನುಡಿಸಿ ನಿಲ್ಲಿಸ್ತೀರಲ್ಲ, ಅಲ್ಲಿ ನಂಗೆ ಅವತ್ತು ಕಣ್ಣಲ್ಲಿ ನೀರು ಬಂತು" ಅಂದಳು. ಯಾವ ಜಾಗ ಅಂದೆ. ಹುಡುಕಿ ಹಾಕಿದಳು.

ನನಗೆ ಅದನ್ನು ನುಡಿಸಿದ ನೆನಪೇ ಇಲ್ಲ. ಎರಡು ಗಂಟೆ ಹತ್ತು ನಿಮಿಷದಲ್ಲಿ ನನ್ನ ಹತ್ತಿರ ಉಳಿದಿರುವುದು ಅರೆ ಸೆಕೆಂಡು. ಮಿಕ್ಕಿದ್ದೆಲ್ಲ ಅವಳ ಹತ್ತಿರ ಇದೆ.

ಕೂತು ಕೇಳಿದೆ. ಚೆನ್ನಾಗಿದೆ. ನಿಲ್ಲಿಸುವ ಮುಂಚೆ ಸ್ವಲ್ಪ ಅವಸರ ಮಾಡಿದ್ದೇನೆ ಅನ್ನಿಸಿತು. ಅವಳಿಗೆ ಹೇಳಲಿಲ್ಲ.

ಪಕ್ಕವಾದ್ಯ

ಹೇಳದೆ ಇದ್ದದ್ದು ಒಳ್ಳೇದಾಯ್ತು. ಮಗು?

ಮೂರನೇ ತಂತಿ

ಬಚ್ಚಲಲ್ಲಿ ಹಾಡ್ತಾಳೆ ಸರ್. ಬಾಗಿಲು ಹಾಕಿಕೊಂಡು.